ತಪ್ಪಿಲ್ಲದ ಇಪ್ಪತ್ತಾರು ದಿನ

ನ್ಯೂಜಿಲೆಂಡಿನ ಲೋವರ್ ಹಟ್‌ಗೆ ಬಂದ ವಾರವೇ ಒಂದು ನೋಟ್‌ಬುಕ್ ಶುರು ಮಾಡಿದೆ. ಎಡಪುಟದಲ್ಲಿ ನನ್ನ ಇಂಗ್ಲಿಷ್ ತಪ್ಪುಗಳು, ಬಲಪುಟದಲ್ಲಿ ನನ್ನ ಫ್ಲಾಟ್‌ಮೇಟ್ ಹುಡುಗಿಯವು. ಇಬ್ಬರೂ ಕರ್ನಾಟಕದಲ್ಲಿ ನರ್ಸಿಂಗ್ ಓದಿ ಬಂದು, ಇಲ್ಲಿನ ಒಂದೇ ವೃದ್ಧಾಶ್ರಮದಲ್ಲಿ ಕೇರ್‌ಗಿವರ್ ಆಗಿದ್ದೆವು. ಇಂಗ್ಲಿಷ್ ಪರೀಕ್ಷೆ ಪಾಸಾದರೆ ನರ್ಸ್ ಕೆಲಸ. ಸೆಪ್ಟೆಂಬರ್ ಕೊನೆಯವರೆಗೆ ಇಬ್ಬರ ಜಾಗವನ್ನೂ ಖಾಲಿ ಇಟ್ಟಿರುತ್ತೇನೆ ಎಂದು ಮ್ಯಾನೇಜರ್ ಹೇಳಿದ್ದರು.

ನನ್ನ ಮನೆಮಾತು ಉರ್ದು, ಓದಿದ್ದು ದಾವಣಗೆರೆಯ ಕನ್ನಡ ಶಾಲೆಯಲ್ಲಿ. ಅವಳು ಪುತ್ತೂರಿನವಳು, ಮನೆಯಲ್ಲಿ ತುಳು. ಇಂಗ್ಲಿಷ್ ಇಬ್ಬರಿಗೂ ಮೂರನೆಯದು. ಮೊದಲೆರಡು ಭಾಷೆ ವ್ಯಾಕರಣದ ಗೊಡವೆಯಿಲ್ಲದೆ ಬಂದಿದ್ದವು. ಆದ್ದರಿಂದ ಮೂರನೆಯದು ವ್ಯಾಕರಣವಿಲ್ಲದೆ ಬರಲಾರದು ಎಂದು ನಾನು ತೀರ್ಮಾನಿಸಿದ್ದೆ. ತರ್ಕ ಪೂರ್ತಿ ನನ್ನದೇ.

ಮಗ್ಗಿಯ ಹಾಗೆ ದಿನಕ್ಕೆ ನಾಲ್ಕು ನಿಯಮ ಬಾಯಿಪಾಠ ಮಾಡುತ್ತಿದ್ದೆ. ಪ್ರತಿ ವಾಕ್ಯವನ್ನೂ ಉರ್ದುವಿನಲ್ಲಿ ಯೋಚಿಸಿ, ಕನ್ನಡದಲ್ಲಿ ತೂಗಿ, ಇಂಗ್ಲಿಷಿನಲ್ಲಿ ಜೋಡಿಸುವಷ್ಟರಲ್ಲಿ ಎದುರಿನ ಅಜ್ಜಿ ನಿದ್ದೆ ಹೋಗಿರುತ್ತಿದ್ದರು.

ಫ್ಲಾಟ್‌ಮೇಟ್‌ಗೆ ಈ ಶಿಸ್ತಿಲ್ಲ. ರಗ್ಬಿ, ಚಳಿ, ಸೊಸೆಯಂದಿರು, ಯಾವುದರ ಬಗ್ಗೆಯೂ ಅಜ್ಜಂದಿರ ಜೊತೆ ವಾದಕ್ಕೆ ಇಳಿಯುತ್ತಿದ್ದಳು. ಒಂದು ಮಂಗಳವಾರ ಬೆಳಗಿನ ಚಹಾ ಮುಗಿಯುವುದರೊಳಗೆ ಮೂವತ್ತೆಂಟು ತಪ್ಪು. ತಪ್ಪಿಗೊಂದರಂತೆ ಎಳೆದ ಗೆರೆ ಎಣಿಸಿ ತೋರಿಸಿದೆ.

"ಎಂತ ಮಾರಾಯ್ತಿ, ಇದಕ್ಕೆ ನಿಂಗೆ ಬೇರೆ ಸಂಬಳ ಉಂಟಾ?"

"ನಿನ್ನ ಒಳ್ಳೇದಕ್ಕೇ ಕಣೇ. ಎಕ್ಸಾಮಲ್ಲಿ ಗೊತ್ತಾಗತ್ತೆ."

"ನಿನ್ನ ಪುಟ ಖಾಲಿ ಉಂಟಲ್ಲ?"

"ನಾನು ತಪ್ಪೇ ಮಾಡಿಲ್ಲ."

"ನೀನು ಮಾತೇ ಆಡ್ಲಿಲ್ಲ."

ಅಸೂಯೆ ಎಂದು ಬರೆದುಕೊಂಡೆ, ತಾರೀಖು ಸಮೇತ.

ಜುಲೈ ಮುಗಿಯುವಾಗ ನನ್ನ ಪುಟದಲ್ಲಿ ತಪ್ಪಿಲ್ಲದ ಸತತ ಇಪ್ಪತ್ತಾರು ದಿನಗಳಿದ್ದವು. ಆಗಸ್ಟಿನಲ್ಲಿ ಪರೀಕ್ಷೆ. ಮಾತಿನ ಸುತ್ತಿನಲ್ಲಿ ಎದುರು ಕೂತ ಹೆಂಗಸು ರೋಗಿಯ ಪಾತ್ರ ಮಾಡುತ್ತಾ ಮೊಣಕಾಲು ನೋವು ಎಂದರು. ನಾನು ವಾಕ್ಯ ಜೋಡಿಸುತ್ತಿದ್ದೆ. ಅವರು ಇನ್ನೊಮ್ಮೆ ನರಳಿದರು, ಈ ಸಲ ನಿಜವಾಗಿಯೇ ಬೇಸತ್ತು. ಐದು ನಿಮಿಷದಲ್ಲಿ ಏಳು ವಾಕ್ಯ ಹೇಳಿದೆ. ಏಳೂ ನಿರ್ದೋಷ.

ಅವಳು ಪಾಸು. ನಾನು ಫೇಲು, ಮಾತಿನಲ್ಲಿ ಮಾತ್ರ.

ಸೆಪ್ಟೆಂಬರ್ ಮುಗಿಯುವುದರೊಳಗೆ ನನಗಿರುವುದು ಒಂದೇ ಮರುಪರೀಕ್ಷೆ, ಅದಕ್ಕೆ ಹತ್ತೊಂಬತ್ತು ದಿನ. ನೋಟ್‌ಬುಕ್ ಈಗ ಅವಳ ಕೈಯಲ್ಲಿದೆ. ಅವಳ ನಿಯಮ: ದಿನಕ್ಕೆ ನಲವತ್ತು ತಪ್ಪು ಆಗದಿದ್ದರೆ ಪಾತ್ರೆ ತೊಳೆಯುವ ಪಾಳಿ ನನ್ನದು. ಇವತ್ತು ಆ ನಿದ್ದೆಯ ಅಜ್ಜಿಗೆ ನಮ್ಮೂರಿನ ಬೆಣ್ಣೆದೋಸೆಯ ಬಗ್ಗೆ ಹೇಳಿದೆ. ಪಕ್ಕದಲ್ಲಿ ಹಾಸಿಗೆ ಸರಿಮಾಡುತ್ತಾ ಅವಳು ಗೆರೆ ಎಳೆಯುತ್ತಿದ್ದಳು. ಅಜ್ಜಿ ನಿದ್ದೆ ಹೋಗಲಿಲ್ಲ, ಬೆಣ್ಣೆ ಎಷ್ಟು ಹಾಕುತ್ತಾರೆ ಎಂದು ಎರಡು ಸಲ ಕೇಳಿದರು.

"ಮೂವತ್ತೊಂದು," ಎಂದಳು ಮನೆಗೆ ಬಂದ ಮೇಲೆ. "ಸಾಕಾಗ್ಲಿಲ್ಲ. ತೊಳಿ."

ತೊಳೆಯುತ್ತಾ ಅವಳಿಗೆ ಇಂಗ್ಲಿಷಿನಲ್ಲೇ ಬೈದೆ. ಐದು ಗೆರೆ ಸೇರಿಸಿಕೊಂಡಳು.