ನೆಲದಡಿಯ ನಾಗರಹಾವು

ಮದ್ದೂರಿನ ನಮ್ಮ ಮನೆಯ ಒಂದು ಕೋಣೆಗೆ ಹೊಸ ಟೈಲ್ಸ್ ಹಾಕಿಸಬೇಕಿತ್ತು. ನೆಲದ ಹಳೇ ಬಿಲ್ಲೆಗಳನ್ನು ಒಡೆಯಲು ಕೂಲಿಗೆ ಬಂದ ಕೆಂಪಮ್ಮ ಸುತ್ತಿಗೆ ಎತ್ತಿದಳು.

"ತಡಿ ಕಣಮ್ಮ, ಸೂರಿನ ಶೀಟಲ್ಲಿರೋ ಕಲ್ನಾರು ಇದ್ರಲ್ಲೂ ಇರ್ಬೌದಂತೆ. ಒಡುದ್ರೆ ಆ ದೂಳು ಎದೆ ತಿನ್ತದೆ," ಅಂದೆ.

"ಬುಡಣ್ಣ, ಅಂಥಾ ಶೀಟಿನಡೀಲೇ ಮಕ್ಳು ಸಾಕಿವ್ನಿ. ನೀನು ಯಾವತ್ತು ದಿಟ ಹೇಳಿದ್ದೀಯ?"

ಸುತ್ತಿಗೆ ಮತ್ತೆ ಮೇಲೆದ್ದಿತು. ನನಗೆ ನಿಜವಾಗಿಯೂ ಭಯವಾಯಿತು.

"ಅಯ್ಯೋ, ಅದ್ರಡೀಲಿ ನಾಗರಾವು ಮೊಟ್ಟೆ ಇಟ್ಟದೆ!"

ಕೆಂಪಮ್ಮ ಸುತ್ತಿಗೆ ಕೆಳಗಿಟ್ಟು ನೆಲಕ್ಕೆ ಕೈಮುಗಿದಳು. "ಇದ್ನ ಮೊದ್ಲೇ ಹೇಳ್ಬಾರ್ದಾ?"

ಹಳೇ ನೆಲವನ್ನು ಕೆದಕದೆ ಅದರ ಮೇಲೇ ಟೈಲ್ಸ್ ಹಾಕಿಸಿದೆ. ಕೆಂಪಮ್ಮನ ಎದೆಗೆ ದೂಳು ಹೋಗಲಿಲ್ಲ. ಆದರೆ ನನ್ನ ಹೆಂಡತಿ ಈಗ ಆ ಕೋಣೆಗೆ ಕಾಲಿಡುತ್ತಿಲ್ಲ. ಹಾವಿಲ್ಲ ಕಣೇ ಎಂದು ಆಣೆ ಇಟ್ಟರೂ ನಂಬುತ್ತಿಲ್ಲ.