ಜರಿ ಅಂಗಿಗೆ ಬಿದ್ದ ಕಣ್ಣು

ಚಿಂತಾಮಣಿ ಸೀಮೆಯಲ್ಲಿ ಮಗುವಿನ ಅಳು ಕೇಳಿಯೇ ಕಾರಣ ಹೇಳಬಲ್ಲವನು ನಾನೊಬ್ಬನೇ. ಡಾಕ್ಟರುಗಳೂ ನನ್ನನ್ನು ಕೇಳಿಯೇ ಔಷಧಿ ಬರೆಯುತ್ತಾರೆ. ಇವತ್ತು ಬಸ್ಸಿನಲ್ಲಿ ಜರಿ ಅಂಗಿ ತೊಟ್ಟು ಚೀರುತ್ತಿದ್ದ ಕೂಸನ್ನು ಕಂಡು ನನ್ನ ತಂಗಿಯ ಮೊದಲ ಯುಗಾದಿ ನೆನಪಾಯಿತು.

ಶಿಡ್ಲಘಟ್ಟದ ದೊಡ್ಡಮ್ಮ ಅವಳಿಗೆ ಜರಿಯ ರೇಷ್ಮೆ ಅಂಗಿ ಹೊಲಿದು ತಂದಿದ್ದರು. ಮಕ್ಕಳಿಲ್ಲದ ಈ ಹಿರಿಸೊಸೆಯ ಕಣ್ಣು ಕೂಸಿಗೆ ಬಿದ್ದೀತು ಎಂದು ಅಜ್ಜಿಗೆ ಅನುಮಾನ. ಅಂಗಿಯನ್ನು ಉಲ್ಟಾ ಮಾಡಿ, ಜರಿ ಯಾರಿಗೂ ಕಾಣದಂತೆ ಒಳಗೆ ಹಾಕಿ ತೊಡಿಸಿದರು. ಕೂಸು ಅಳತೊಡಗಿತು. ಮೆಣಸಿನಕಾಯಿ ನಿವಾಳಿಸಿದರೂ ನಿಲ್ಲಲಿಲ್ಲ.

"ನೋಡ್ದೇನೇ, ಕಣ್ಣು ಬಿದ್ದೇಬಿಟ್ಟೈತೆ," ಎಂದು ಅಜ್ಜಿ ಅಮ್ಮನ ಕಿವಿಯಲ್ಲಿ ಹೇಳಿದ್ದು ದೊಡ್ಡಮ್ಮನಿಗೂ ಕೇಳಿಸಿತು. ಅವರು ಚೀಲ ಎತ್ತಿಕೊಂಡು ಹೊರಟು ನಿಂತರು.

ನಾನು ಅಜ್ಜಿಯ ಪರ. "ದೃಷ್ಟೀನೇ ದೊಡ್ಡಮ್ಮ, ಬೇಕಾದ್ರೆ ಬಾಜಿ!" ಎಂದೆ.

"ಆಗ್ಲಿ ಕಣಪ್ಪ," ಎಂದು ದೊಡ್ಡಮ್ಮ ಅಮ್ಮನ ಕಡೆ ತಿರುಗಿದರು. "ಆ ಅಂಗಿ ಬಿಚ್ಚೇ, ನೋಡಣ."

ಅಮ್ಮ ಬಿಚ್ಚಿದಳು. ಕೂಸಿನ ಎದೆಯ ತುಂಬ ಜರಿ ಉಜ್ಜಿದ ಕೆಂಪು ಗೀರುಗಳು. ಅಜ್ಜಿಯ ಹಳೆಯ ನೂಲಿನ ಸೀರೆಯ ತುಂಡು ಸುತ್ತಿದ್ದೇ ತಡ, ಕೂಸು ದೊಡ್ಡಮ್ಮನ ಮಡಿಲಲ್ಲೇ ನಿದ್ದೆಹೋಯಿತು. ಅಜ್ಜಿ ದೊಡ್ಡಮ್ಮನ ಚೀಲವನ್ನು ಒಳಗಿಟ್ಟರು.

ಆ ಬಾಜಿಯಲ್ಲಿ ನೂರು ರೂಪಾಯಿ ಸೋತೆ ಎಂದು ಇಂದಿಗೂ ಎಲ್ಲರಿಗೂ ಹೇಳಿಕೊಳ್ಳುತ್ತೇನೆ. ನಿಜವಾಗಿ ಕೊಟ್ಟದ್ದು ನಾಲ್ಕಾಣೆ. ಜೇಬಿನಲ್ಲಿ ಇದ್ದದ್ದೇ ಅಷ್ಟು.