ಚೀಲದೊಳಗಿನ ಯುದ್ಧ

ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಕತ್ತರಿಸುವ ಯಂತ್ರ ನಡೆಸುತ್ತಿದ್ದ ಅವಳನ್ನು ಎಲ್ಲರೂ ರಟ್ಟಕ್ಕ ಅಂತಲೇ ಕರೆಯುತ್ತಿದ್ದರು. ಮಿಲಿಟರಿಯಲ್ಲಿದ್ದ ಅವಳ ತಮ್ಮ, ಮಂಡಿಗೆ ಪೆಟ್ಟು ಮಾಡಿಕೊಂಡು ಮನೆಗೆ ಬಂದವನು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದ. ಅವನನ್ನು ಈಚೆ ತಿರುಗಿಸಲೆಂದೇ ಅವಳು ಯುದ್ಧದ ಆಟವೊಂದನ್ನು ಕಟ್ಟತೊಡಗಿದಳು. ಹಲಗೆಯ ಮೇಲೊಂದು ನದಿ, ಸೇತುವೆ, ಆಚೀಚೆ ಎರಡು ದಂಡು. ತಲೆನೋವಿಲ್ಲದೆ ಬೇಗ ಮುಗಿಯಬೇಕು, ಅಷ್ಟೇ.

ಕಾಳಗದ ಲೆಕ್ಕವೇ ಕೈಕೊಡುತ್ತಿತ್ತು. ದಾಳ ಹಾಕಿದರೆ ಒಂಟಿ ತುಕಡಿಯೊಂದು ಇಡೀ ದಂಡನ್ನು ಮುಗಿಸಿ ಕೂರುತ್ತಿತ್ತು. “ಇದೇನಕ್ಕ, ಯುದ್ಧಾನಾ ಲಾಟರೀನಾ?” ಎಂದು ತಮ್ಮ ದಾಳವನ್ನು ಕಿಟಕಿಯಾಚೆ ಎಸೆದ. ಬೈಯಬೇಕಾದ ರಟ್ಟಕ್ಕ ಒಳಗೊಳಗೇ ಹಿಗ್ಗಿದಳು. ಬಂದಾಗಿನಿಂದ ಅವನು ಅಷ್ಟುದ್ದ ಮಾತಾಡಿರಲಿಲ್ಲ.

ಆಮೇಲೆ ಬಟ್ಟೆ ಚೀಲ ಬಂತು. ಯಾರ ತುಕಡಿ ಎಷ್ಟೋ ಅಷ್ಟು ಕೆಂಪು, ಕಪ್ಪು ಬಿಲ್ಲೆ ಚೀಲಕ್ಕೆ. ನೋಡದೆ ಒಂದೊಂದೇ ತೆಗೆಯಬೇಕು. ಕೆಂಪು ಬಂದರೆ ಕಪ್ಪಿನವರ ಒಂದು ತುಕಡಿ ಹೋಯಿತು, ಕಪ್ಪು ಬಂದರೆ ಕೆಂಪಿನವರದು. ತೆಗೆದದ್ದು ಮತ್ತೆ ಒಳಗೆ ಹೋಗುವ ಹಾಗಿಲ್ಲ. ದೊಡ್ಡ ದಂಡಿಗೆ ಬೆಲೆಯೇನೋ ಬಂತು. ಆದರೆ ತಮ್ಮ ಹೊರಗೆ ಬಿದ್ದದ್ದನ್ನು ಎಣಿಸಿ, ಒಳಗಿರುವುದನ್ನು ಊಹಿಸಿ, ನಡುವೆಯೇ ಸೋಲೊಪ್ಪಿ ಎದ್ದುಬಿಡುತ್ತಿದ್ದ. ರಟ್ಟಕ್ಕ ತಲೆ ಕೆಡಿಸಿಕೊಂಡು ಬಿಳಿ ಬಿಲ್ಲೆಯೊಂದನ್ನು ಸೇರಿಸಿದಳು. ಅದು ಬಂದ ಗಳಿಗೆ ಕಾಳಗ ನಿಲ್ಲಬೇಕು, ದಾಳಿ ಮಾಡಿದವರು ಹಿಂದೆ ಸರಿಯಬೇಕು. ಯಾವಾಗ ಬರುತ್ತದೋ ಬ್ರಹ್ಮನಿಗೂ ಗೊತ್ತಿಲ್ಲ. ತಮ್ಮ ಕೊನೆಯತನಕ ಕೂರತೊಡಗಿದ.

ಪೆಟ್ಟಿಗೆ ಮಾಡಿಸಲು ಬಂದಿದ್ದ ಆಟಿಕೆ ಕಂಪನಿಯ ಮಾಲೀಕರ ಕಿವಿಗೆ ಈ ಆಟದ ಸುದ್ದಿ ಬಿತ್ತು. “ಆಡಿ ನೋಡೋಣ” ಎಂದರು. ಊಟದ ಬಿಡುವಿನಲ್ಲಿ ಪ್ಯಾಕಿಂಗ್ ಮೇಜಿನ ಮೇಲೆ ಹಲಗೆ ಬಿಚ್ಚಿಕೊಂಡಿತು. ತಮ್ಮನೂ ಮನೆಯಿಂದ ಕುಂಟುತ್ತಾ ಬಂದು ಎದುರು ಕೂತ. ಕೆಲಸದವರೆಲ್ಲ ಸುತ್ತ ಮುತ್ತಿದರು.

ಮಾಲೀಕರದು ಕೆಂಪು ದಂಡು. ಕೈ ಹಾಕಿದರೆ ಕೆಂಪು. ಮತ್ತೆ ಕೆಂಪು. ಮತ್ತೂ ಕೆಂಪೇ. ತಮ್ಮ ಚೀಲದತ್ತ ಬಾಗಿ ನೋಡಿದ.

“ಸಾರ್, ನಿಮ್ಮ ಬೆರಳು ಒಳಗೆ ಹುಡುಕ್ತಾ ಇದೆ.”

“ಹೌದು” ಎಂದರು ಮಾಲೀಕರು, ಒಂದಿಷ್ಟೂ ಅಳುಕದೆ. “ಕೆಂಪಿಗೆ ಬಣ್ಣ ದಪ್ಪ ಬಳಿದಿದ್ದಾರೆ. ಮುಟ್ಟಿದ್ರೆ ತಿಳಿಯುತ್ತೆ. ಕೊಂಡೋರೂ ಹೀಗೇ ಹುಡುಕದೆ ಬಿಡ್ತಾರಾ?”

“ಬಾಯಿಬಿಟ್ಟು ಹೇಳಬಹುದಿತ್ತಲ್ಲ!” ತಮ್ಮ ಎದ್ದ ರಭಸಕ್ಕೆ ಸ್ಟೂಲು ಉರುಳಿತು.

ರಟ್ಟಕ್ಕ ಬಿಲ್ಲೆ ಸವರಿ ನೋಡಿದಳು. ನಿಜ. ಮೊದಲ ಸಲ ಮಂಕಾಗಿ ಕಂಡಿತೆಂದು ಅವಳೇ ಇನ್ನೊಮ್ಮೆ ಬಳಿದಿದ್ದಳು. ಮಾಲೀಕರು ಹೊರಡಲೆಂದು ಬ್ಯಾಗ್ ಎತ್ತಿಕೊಂಡದ್ದು ಕಂಡು ಅಡ್ಡ ನಿಂತಳು.

“ಕೂತ್ಕೊಳ್ಳಿ ಸಾರ್. ಚಹಾ ಕುಡಿಯೋಷ್ಟರಲ್ಲಿ ಬಂದೆ.”

ಯಂತ್ರಕ್ಕೆ ಓಡಿ ಒಂದೇ ಹಾಳೆಯಿಂದ ಬಿಲ್ಲೆಗಳ ಬದಲಿಗೆ ಎಲೆಗಳನ್ನು ಕತ್ತರಿಸಿದಳು. ಒಂದು ಮಗ್ಗುಲಿಗೆ ಮಾತ್ರ ಕೆಂಪು ಇಲ್ಲವೇ ಕಪ್ಪು ಪೆನ್ನಿನ ಗುರುತು, ಬಿಳಿಯದಕ್ಕೆ ಅದೂ ಇಲ್ಲ, ಬೆನ್ನೆಲ್ಲ ಒಂದೇ ತರಹ. ಇಸ್ಪೀಟಿನಂತೆ ಕಲಸಿ ಮೇಲಿನಿಂದ ತಿರುವಿದರಾಯಿತು, ಬೆರಳಿಗೆ ಕೆಲಸವೇ ಇಲ್ಲ.

“ಈ ಮನುಷ್ಯನ ಜೊತೆ ನಾನಾಡಲ್ಲ” ಎಂದ ತಮ್ಮ.

“ನನಗೋಸ್ಕರ ಕೂತ್ಕೊಳೋ.”

ಕೂತ. ಎಲೆ ಕಲಸಿಯೂ ಕೊಟ್ಟ. ಕೆಂಪು ದಂಡು ಸೇತುವೆಗೆ ನುಗ್ಗಿತು. ಕೆಂಪು ಎಲೆ ಬಂತು, ಕಪ್ಪಿನ ಒಂದು ತುಕಡಿ ಬಿತ್ತು. ಕಪ್ಪು ಬಂತು, ಮಾಲೀಕರು ಒಂದನ್ನು ಕಳೆದುಕೊಂಡರು. ಇನ್ನೊಂದು ಕೆಂಪು. ಸೇತುವೆಯ ಮೇಲೀಗ ಕಪ್ಪಿನ ಒಂದೇ ಒಂದು ತುಕಡಿ. ಮಾಲೀಕರ ಬೆರಳು ಎಲೆಯ ಮೇಲೆ ತಡೆಯಿತು. ಉಸಿರು ಹಿಡಿದು ತಿರುವಿದರು.

ಬಿಳಿ.

“ಥತ್! ಇನ್ನೊಂದೇ ಎಲೆ ಬೇಕಿತ್ತಲ್ರೀ!” ಅವರು ಮೇಜು ಗುದ್ದಿದರು. ಬಿಡುವು ಮುಗಿದ ಗಂಟೆ ಹೊಡೆದರೂ ಏಳಲಿಲ್ಲ. “ಇನ್ನೊಂದಾಟ ಆಗ್ಲಿ.”

ಮುಂದೆ ಆಟ ಅಚ್ಚಾಯಿತು, ಎಲೆಗಳ ಸಮೇತ. ಆದರೆ ರಟ್ಟಕ್ಕನಿಗೆ ಅದಕ್ಕಿಂತ ಮುಖ್ಯವಾದದ್ದು ಅವತ್ತು ಸಂಜೆ ಮನೆಗೆ ನಡೆಯುವಾಗ ತಮ್ಮ ತಾನಾಗಿ ಬಾಯಿಬಿಟ್ಟದ್ದು.

“ಅಕ್ಕಾ, ಫಿರಂಗಿ ಸೇರಿಸಿದ್ರೆ ಅದಕ್ಕೆಷ್ಟು ಎಲೆ ಕೊಡ್ತೀಯಾ?”

“ನೀನೇ ಹೇಳೋ” ಎಂದಳು. ಮನೆ ತಲುಪುವವರೆಗೂ ಅವನು ಮಾತು ನಿಲ್ಲಿಸಲಿಲ್ಲ.